ಕಾಕಾ ಏನಂದ

ನಿನ್ನಪ್ಪ, ನನ್ನ ಕಾಕಾ, "ನಕೋ" ಅನ್ನಲಿಲ್ಲ, ಬೇಡ ಅನ್ನಲಿಲ್ಲ, ಶಾರದಾ. ಅದು ಅವನ ಬಾಯಿಂದ ಬಂದದ್ದಲ್ಲ, ನನ್ನ ಬಾಯಿಂದ ಬಂದದ್ದು. ಗಾಬರಿಯಲ್ಲಿ ತಪ್ಪಿ ಆಡಿದ ಮಾತೂ ಅಲ್ಲ, ಕಿವಿಗೆ ಸರಿಯಾಗಿ ಬೀಳದೆ ಆಡಿದ್ದೂ ಅಲ್ಲ — ಗೊತ್ತಿದ್ದೇ ಸುಳ್ಳು ಹೇಳಿದೆ. ಇಷ್ಟು ವರ್ಷ ನೀನು ಅದನ್ನೇ ಅಪ್ಪನ ಕೊನೆಯ ಮಾತೆಂದು ನಂಬಿ ಬದುಕಿದೆ. ನಾನು ನಿನ್ನ ಎದುರಿಗೇ ಕೂತು ಚಹಾ ಕುಡಿದೆ.

ಎಲ್ಲಿಂದ ಹೇಳಲಿ? ಸಿನಿಮಾದಿಂದಲೇ ಹೇಳಬೇಕು. ನನ್ನ ಹೊಟ್ಟೆಯಲ್ಲಿ ಹುಳ ಹೊಕ್ಕದ್ದು ಅಲ್ಲಿಯೇ.

ಖಾನಾಪುರ ಪೇಟೆಯಲ್ಲಿ ಕಾಕಾನ ಹೊಲಿಗೆ ಅಂಗಡಿ, ಅದರ ಹಿಂದೆಯೇ ನಿಮ್ಮ ಮನೆ. ನಿನ್ನ ಅವ್ವ ಹೋದ ಮೇಲೆ ಆ ಮನೆಯಲ್ಲಿ ಮಾತು ಕಡಿಮೆಯಾಗಿತ್ತು. ಯಾರೋ ಕೊಟ್ಟ ಹಳೆಯ ಡಿವಿಡಿಯಿಂದ ಕಾಕಾನಿಗೆ ಹಾಲಿವುಡ್ಡಿನ ಕಪ್ಪು-ಬಿಳುಪು ಕಾಮಿಡಿಗಳ ಹುಚ್ಚು ಹತ್ತಿತು. ಏಣಿ ಹೊತ್ತವನು ಈ ಕಡೆ ತಿರುಗಿದರೆ ಆ ಕಡೆಯವನಿಗೆ ಏಟು. ಠೀವಿಯ ಸಾಹುಕಾರನ ಮುಖಕ್ಕೆ ಕ್ರೀಮಿನ ಕೇಕು. ಅವು ಮುಗಿದರೆ ರಬ್ಬರ್ ರಾಕ್ಷಸರ, ಹಾರುವ ತಟ್ಟೆಗಳ ಅಗ್ಗದ ಹಳೆಯ ಚಿತ್ರಗಳು. ಭೂಮಿಯ ಮೇಲೆ ದಾಳಿ ಮಾಡಲು ಬಂದ ತಟ್ಟೆ ಗಾಳಿಯಲ್ಲಿ ತೂಗಾಡುವಾಗ ಕಾಕಾ ಚಾಪೆಯ ಮೇಲೆ ಎದ್ದು ಕೂರುತ್ತಿದ್ದ. "ಈರ್ಯಾ, ದಾರ ನೋಡೋ! ದಾರ ಕಾಣ್ತೈತಿ! ಕರೀ ದಾರ ಹಾಕಾಕ ಏನಾಗಿತ್ತ ಇವರಿಗಿ?" ಹೊಲಿಗೆಯವನ ಕಣ್ಣು. ನಕ್ಕು ನಕ್ಕು ಕೆಮ್ಮು ಬರುವವರೆಗೆ ನಗುತ್ತಿದ್ದ.

ಉದ್ಯಮಬಾಗದ ಕಾರ್ಖಾನೆಗೆ ಸುಟ್ಟಿ ಇದ್ದ ದಿನವೆಲ್ಲ ನಾನು ಬೆಳಗಾವಿಯಿಂದ ಬಸ್ಸು ಹತ್ತಿ ಬರುತ್ತಿದ್ದೆ. ನಮ್ಮ ಮನೆತನದಲ್ಲಿ ಇಂಗ್ಲಿಷ್ ಸಾಲೆ ಕಲಿತವನು ನಾನೊಬ್ಬನೇ. ಹಾಗಾಗಿ ಕಾಕಾನ ಪಕ್ಕದ ಜಾಗ ನನ್ನದು. ಪರದೆಯ ಮೇಲೆ ಯಾರಾದರೂ ಬಾಯಿ ತೆರೆದರೆ ಸಾಕು, ಕಾಕಾ ನನ್ನ ಕಡೆ ತಿರುಗಿ, "ಏನಂದಾ?" ಎಂದು ಕೇಳುತ್ತಿದ್ದ. ನಾನು ಹೇಳುತ್ತಿದ್ದೆ. ಖರೆ ಹೇಳಬೇಕೆಂದರೆ, ಆ ಮೂಗಿನ ಇಂಗ್ಲಿಷು ನನಗೂ ಅರ್ಧ ತಿಳಿಯುತ್ತಿರಲಿಲ್ಲ. ತಿಳಿಯದ್ದನ್ನು ನಾನೇ ಕಟ್ಟಿ ಹೇಳುತ್ತಿದ್ದೆ. ಕಾಕಾ ಅದನ್ನೇ ನಂಬುತ್ತಿದ್ದ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ತಿರುಚಿ ಹೇಳುವುದು ನನಗೆ ಅಲ್ಲಿಯೇ ರೂಢಿಯಾಯಿತು.

ಹೇಳುವ ಭರದಲ್ಲಿ ನಾನು ನಗುವುದನ್ನೇ ಮರೆಯುತ್ತಿದ್ದೆ. ಆಗ ಕಾಕಾ ಎರಡು ಬೆರಳು ಜೋಡಿಸಿ ನನ್ನ ಪಕ್ಕೆಗೆ ತಿವಿಯುತ್ತಿದ್ದ. "ನಗೋ!" ಅಷ್ಟೇ. ನಾನು ಎಲ್ಲಿಲ್ಲದ ಖುಷಿಯಿಂದ ನಗುತ್ತಿದ್ದೆ.

ವಿಠ್ಠಲನನ್ನು ಆ ಮನೆಗೆ ಕರೆತಂದವನೂ ನಾನೇ — ಇದೊಂದನ್ನು ನೆನೆದರೆ ಹಣೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ. ನನ್ನ ಜೊತೆ ಲೇಥ್ ಮೇಲೆ ಕೆಲಸ ಮಾಡುವವನು, ಖಾನಾಪುರದ ಮರಾಠರ ಹುಡುಗ. ಬಂದ ಮೊದಲ ದಿನವೇ, ಏಣಿಯವನು ಇನ್ನೂ ತಿರುಗುವ ಮುಂಚೆಯೇ ತೊಡೆ ಬಡಿದುಕೊಂಡು ನಕ್ಕ. ಕಾಕಾನೂ ನಕ್ಕ. ನೀನು ಅಡಿಗೆಮನೆಯ ಹೊಸ್ತಿಲಲ್ಲಿ ಚುರುಮುರಿಯ ಬುಟ್ಟಿ ಹಿಡಿದು ನಿಂತಿದ್ದೆ, ನೀನೂ ನಕ್ಕೆ. ನಾನು ಎಂದಿನಂತೆ, "ಅವ ಏನಂದಾ ಅಂದ್ರ, ಕಾಕಾ..." ಎಂದು ಶುರು ಮಾಡಿದೆ.

"ಏ, ನೀ ಸುಮ್ನ ಕುಂದರೋ ಮಾರಾಯಾ," ಅಂದ ಕಾಕಾ. "ತಿಳೀತೈತಿ."

ಬೈಗುಳವಲ್ಲ ಅದು. ನಗುತ್ತಲೇ ಅಂದದ್ದು. ಆದರೆ ಆ ಮೇಲೆ ಕಾಕಾ ನನ್ನನ್ನು "ಏನಂದಾ" ಎಂದು ಕೇಳುವುದು ಕಡಿಮೆಯಾಯಿತು. ಚಾಪೆಯ ಮೇಲೆ ವಿಠ್ಠಲ ಮಧ್ಯಕ್ಕೆ ಬಂದ, ನಾನು ಗೋಡೆಗೆ ಸರಿದೆ. ಮುಖ ಮಾತ್ರ ನಗುತ್ತಿತ್ತು, ಒಳಗೆ ಉರಿ.

ನೀವಿಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿಕೊಂಡದ್ದು ಮೊದಲು ಕಂಡದ್ದು ಕಾಕಾನಿಗೆ. ಒಂದು ದಿನ ಅಂಗಡಿಯಲ್ಲಿ ಕಾಜಾ ಹೊಲಿಯುತ್ತ ನನಗೊಬ್ಬನಿಗೇ ಹೇಳಿದ: "ವಿಠ್ಠೂ ಹೊಟ್ಟಿ ತುಂಬ ನಗ್ತಾನೋ. ನಮ್ಮ ಶಾರವ್ವಗ ಇಂಥಾಂವನ ಬೇಕು. ನಿಮ್ಮಪ್ಪಗ ನಾ ಹೇಳ್ತೀನಿ, ಅಲ್ಲೀ ತನಕಾ ನೀ ಬಾಯಿ ಬಿಡಬ್ಯಾಡ." ಬಾಯಿ ಬಿಡಲಿಲ್ಲ. ಇವತ್ತಿನವರೆಗೂ ಬಿಟ್ಟಿರಲಿಲ್ಲ — ಕೇಳಿದೆಯಾ ಶಾರದಾ? ನಿನ್ನಪ್ಪ ಒಪ್ಪಿದ್ದ. ಪೂರಾ ಮನಸ್ಸಿನಿಂದ ಒಪ್ಪಿದ್ದ.

ನಮ್ಮಪ್ಪನಿಗೆ ಹೇಳುವ ಮುಂಚೆಯೇ ಕಾಕಾನ ಕೆಮ್ಮು ಎದೆಗೆ ಇಳಿಯಿತು. ಬೆಳಗಾವಿಯ ನೆಹರು ನಗರದ ಆಸ್ಪತ್ರೆಗೆ ಸೇರಿಸಿದೆವು. ಮೂಗು ಬಾಯಿಗೆ ಆಮ್ಲಜನಕದ ಮಾಸ್ಕು, ಮಾತು ಹೆಚ್ಚುಕಡಿಮೆ ನಿಂತುಹೋಯಿತು. ಆಗ ನೀನೇ ಧೈರ್ಯ ಮಾಡಿ ನಮ್ಮಪ್ಪನಿಗೆ, ನಿನ್ನ ದೊಡ್ಡಪ್ಪನಿಗೆ, ವಿಠ್ಠಲನ ವಿಷಯ ಹೇಳಿದೆ. ಅಪ್ಪ ಸಿಟ್ಟಾಗುತ್ತಾನೆ ಎಂದುಕೊಂಡಿದ್ದೆ. ಆಗಲಿಲ್ಲ. "ನಿಮ್ಮಪ್ಪ ಹೂಂ ಅಂದ್ರ ನಂದೇನೈತಿ ಬೇ," ಅಂದ. ನಿನ್ನ ಬಾಳು ಆ ಒಂದು "ಹೂಂ" ಮೇಲೆ ನಿಂತಿತು.

ಮರುದಿನ ಬೆಳಗ್ಗೆ ಒಳಗೆ ಇಬ್ಬರನ್ನೇ ಬಿಟ್ಟರು. ಅಪ್ಪ ಹೋದ, ನಾನು ಹೋದೆ. ನೀನು ಹೊರಗೆ ಬೆಂಚಿನ ಮೇಲೆ ಕಾಕಾನ ಅಂಗಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಅಪ್ಪ ಮಂಚದ ಮೇಲೆ ಬಾಗಿ ಕೇಳಿದ: "ತಮ್ಮಾ, ಶಾರವ್ವನ್ನ ಆ ವಿಠ್ಠಲಗ ಕೊಡೂಣೇನು? ಹೂಂ ಅನ್ನು, ಬ್ಯಾಡ ಅನ್ನು, ಏನರ ಒಂದ ಅನ್ನಪಾ."

ಕಾಕಾ ಕಣ್ಣು ತೆರೆದ. ಅಪ್ಪನನ್ನು ನೋಡಲಿಲ್ಲ, ನನ್ನನ್ನು ನೋಡಿದ. ನಾನು ಅಳುತ್ತಿದ್ದೆ — ಆ ಅಳು ಮಾತ್ರ ಸುಳ್ಳಲ್ಲ. ಸಲೈನಿನ ಸೂಜಿ ಚುಚ್ಚಿದ ಕೈ ಹಾಸಿಗೆಯಿಂದ ತುಸು ಎದ್ದಿತು. ಎರಡು ಬೆರಳು ನನ್ನ ಪಕ್ಕೆಗೆ ತಾಗಿದವು. ಮಾಸ್ಕಿನೊಳಗಿಂದ ಅಂದ:

"ನಗೋ."

ಅಪ್ಪನಿಗೆ ಆಗಲೇ ಕಿವಿ ಮಂದ. ನನ್ನ ಕಡೆ ತಿರುಗಿದ. "ಏನಂದಾ?"

ಅದೇ ಪ್ರಶ್ನೆ. ಬಹಳ ದಿನದ ಮೇಲೆ ಯಾರೋ ನನ್ನನ್ನು ಮತ್ತೆ ಆ ಪ್ರಶ್ನೆ ಕೇಳಿದ್ದರು. ಉತ್ತರ ನನ್ನೊಬ್ಬನ ಕೈಯಲ್ಲಿತ್ತು.

"ನಕೋ ಅಂದಾ," ಅಂದೆ.

ಯಾರೂ ಅನುಮಾನ ಪಡಲಿಲ್ಲ. ಏಕೆ ಪಡಬೇಕು? ದಿನವಿಡೀ ಗಿರಾಕಿಗಳ ಜೊತೆ ಮರಾಠಿ ಆಡಿ ಕಾಕಾನ ಬಾಯಲ್ಲಿ ಎರಡೂ ಭಾಷೆ ಕಲೆಸಿಹೋಗಿದ್ದವು. ಕನ್ನಡದಲ್ಲಿ ಕೇಳಿದ್ದಕ್ಕೆ ಮರಾಠಿಯಲ್ಲಿ ಬೇಡ ಅನ್ನುವುದು ನಮ್ಮ ಖಾನಾಪುರದಲ್ಲಿ ದಿನದ ಮಾತು. ಮಾಸ್ಕಿನ ಹಿಂದಿನಿಂದ ಬಂದರೆ ನಗೋ ಯಾವುದು, ನಕೋ ಯಾವುದು? ಬೆರಳುಗಳ ಅರ್ಥ ಗೊತ್ತಿದ್ದವನು ನಾನೊಬ್ಬನೇ. ಅಪ್ಪ ಹೊರಗೆ ಬಂದು ನಿನಗೆ ಹೇಳಿದ. ನೀನು ಕಾಕಾನ ಅಂಗಿಯ ಮಡಿಕೆ ಬಿಚ್ಚಿ ಇನ್ನೊಮ್ಮೆ ಮಡಿಚಿದೆ. ಅದಾದ ಮೇಲೆ ಕಾಕಾ ಇನ್ನೊಂದು ಮಾತಾಡದೆಯೇ ತೀರಿಕೊಂಡ.

ಜಾತಿಗಾಗಿ ಹೇಳಿದೆನೆಂದು ನೀನು ತಿಳಿಯಬಹುದು — ನಾವು ಲಿಂಗಾಯತರು, ಅವರು ಮರಾಠರು ಎಂದು. ಮಣ್ಣಂಗಟ್ಟಿ! ಒಂದು ಚಾಪೆಯ ಜಾಗಕ್ಕಾಗಿ ಹೇಳಿದೆ. ಒಬ್ಬ ಮನುಷ್ಯ ನನಗಿಂತ ಚೆನ್ನಾಗಿ ನಗುತ್ತಿದ್ದ ಎಂದು ಹೇಳಿದೆ. ಸಾಯಲು ಬಿದ್ದವನು ತನ್ನ ಸಂಕಟ ಬಿಟ್ಟು ನನ್ನ ಅಳುಮೋರೆ ನೋಡಿ ಮರುಗಿದ. ಆ ಮಾತನ್ನೇ ಎತ್ತಿಕೊಂಡು ನಿನ್ನ ಮೇಲೆ ಹಾಕಿದೆ. ಥೂ.

ವಿಠ್ಠಲ ಪುಣೆಗೆ ಹೋದ, ಅಲ್ಲಿಯೇ ಸಂಸಾರ ಮಾಡಿದ. ನೀನು ಬಂದ ಗಂಡುಗಳನ್ನೆಲ್ಲ ಬೇಡವೆಂದು ಕಾಕಾನ ಹೊಲಿಗೆ ಮಶೀನಿನ ಮುಂದೆ ಕೂತೆ. ಡಿವಿಡಿಗಳ ಡಬ್ಬಿಯನ್ನು, "ನೀನ ಇಟ್ಗೋ ಅಣ್ಣಾ," ಎಂದು ನನಗೆ ಕೊಟ್ಟುಬಿಟ್ಟೆ. ನಾನು ಅವನ್ನು ನೋಡುತ್ತೇನೆ, ಶಾರದಾ. ಈಗ ಎಲ್ಲಿ ನಗಬೇಕೆಂದು ನನಗೆ ಚೆನ್ನಾಗಿ ಗೊತ್ತಿದೆ. ನಗುತ್ತೇನೆ ಕೂಡ. ನಾಚಿಕೆಗೆಟ್ಟವನು.

ಹೋದ ತಿಂಗಳು ನಿನ್ನ ಅಂಗಡಿಗೆ ಬಂದಿದ್ದೆನಲ್ಲ? ಬ್ಲೌಸು ಒಯ್ಯಲು ಬಂದ ಹೆಂಗಸೊಬ್ಬಳು ಮೊಬೈಲಿನಲ್ಲಿ ಏನೋ ತೋರಿಸಿದಳು. ಹಳೆಯ ಸಿನಿಮಾದ ಹಾರುವ ತಟ್ಟೆ. ನೀನು ಬಗ್ಗಿ ನೋಡಿ, "ಅಯ್ಯ, ದಾರ ಕಾಣ್ತೈತಿ ನೋಡ್ರೀ!" ಎಂದು ನಕ್ಕೆ. ಥೇಟ್ ಕಾಕಾನ ನಗು. ನನ್ನನ್ನು ಕಂಡವಳೇ ಬಾಯಿಗೆ ಕೈ ಇಟ್ಟುಕೊಂಡೆ. "ಸಾಕ್ರಿ, ಬಂದ್ ಮಾಡ್ರಿ," ಅಂದೆ. ಅವಳು ಹೋದ ಮೇಲೆ ನನಗೆ ಮೆಲ್ಲಗೆ ಹೇಳಿದೆ: "ಅಪ್ಪಾ ನನ್ನ ಮ್ಯಾಲ ಬ್ಯಾಸರಾಗಿ ಹ್ವಾದ, ಅಣ್ಣಾ. ಇವನ್ನ ನೋಡಿದ್ರ ಅದ ನೆನಪಾಗ್ತೈತಿ."

ಮದುವೆ ಮುರಿದೆ ಎಂದಷ್ಟೇ ಅಂದುಕೊಂಡಿದ್ದೆ. ನಿನ್ನ ನಗುವನ್ನೂ ನಾನೇ ಕಸಿದಿದ್ದೇನೆಂದು ಅವತ್ತು ತಿಳಿಯಿತು. ಆದರೂ ಆಗ ಬಾಯಿ ಬಿಡಲಿಲ್ಲ. ಬಸ್ಸು ಹತ್ತಿ ಬಂದುಬಿಟ್ಟೆ.

ಈ ಸುಟ್ಟಿಗೆ ಬರುತ್ತೇನೆ. ಡಬ್ಬಿ ತರುತ್ತೇನೆ. ಕ್ಷಮಿಸು ಅನ್ನುವುದಿಲ್ಲ, ಆ ಮಾತು ನನ್ನ ಬಾಯಿಗೆ ಸಲ್ಲದು. ನೀನು ಅಂಗಡಿಯ ಬಾಗಿಲು ಎಳೆದುಕೊಂಡರೆ ಹೊರಗೇ ನಿಲ್ಲುತ್ತೇನೆ. ಅಪ್ಪನನ್ನೂ ಕರೆತರುತ್ತೇನೆ. ಈಗ ಅವನಿಗೆ ಕೂಗಿ ಹೇಳಿದರಷ್ಟೇ ಕೇಳುತ್ತದೆ, ಕಾಕಾನ ಮಾತು ನಿನಗೆ ಹೇಳಿದ್ದು ಅವನ ಕಿವಿಗೆ ಬೀಳುವುದಿಲ್ಲ. ನನ್ನ ಕಡೆ ತಿರುಗಿ, "ತಮ್ಮ ಏನಂದಾ?" ಎಂದು ಕೇಳೇ ಕೇಳುತ್ತಾನೆ. ಪೇಟೆಗೆಲ್ಲ ಕೇಳುವ ಹಾಗೆ ಕೂಗಿ ಹೇಳುತ್ತೇನೆ — ನಗೋ ಅಂದಿದ್ದ, ಅಪ್ಪಾ. ನಕೋ ಅಂದಾಂವ ನಾನು.