ನಡುವಿನ ಗಿಟಾರ್

ಮಂಜು, ಆ ಗಿಟಾರ್ ಅಂಗಡಿಯಲ್ಲಿ ನಾನು ನಿನಗೆ ಸುಳ್ಳು ಹೇಳಿದೆ. ತಿಳಿದೂ ತಿಳಿದೂ ಹೇಳಿದೆ.

ಎಂಬತ್ತರ ದಶಕದ ಮಾತು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ರಾಜಾಜಿನಗರದ ಒಂದು ಫ್ಯಾಕ್ಟರಿಯಲ್ಲಿ ರೇಡಿಯೋ ಟ್ರಾನ್ಸ್‌ಫಾರ್ಮರಿಗೆ ತಾಮ್ರದ ಕಾಯಿಲ್ ಸುತ್ತುತ್ತಿದ್ದೆ. ನೀನು ಆರ್ಕೆಸ್ಟ್ರಾ ಸೇರಿದ್ದೆ. ಸ್ವಂತ ಎಲೆಕ್ಟ್ರಿಕ್ ಗಿಟಾರ್ ಕೊಳ್ಳಲು ಹೊರಟಾಗ ನನ್ನನ್ನೂ ಕರೆದುಕೊಂಡು ಹೋದೆ. ಅಂಗಡಿಯವರು ಮೂರನ್ನು ಇಳಿಸಿಟ್ಟು, "ಇದು ಕಲಿಯೋರ್ಗೆ, ಇದು ಬಾರ್ಸೋರ್ಗೆ, ಇದು ತೋರಿಸ್ಕೊಳ್ಳೋರ್ಗೆ" ಅಂದರು.

"ನಮ್ಮಕ್ಕ ದಿನಾ ಕಾಯಿಲ್ ಸುತ್ತಾಳೆ ಸಾರ್. ಒಂದ್ಸಲ ಬಿಚ್ಚಿ ತೋರಿಸಿ, ಅವಳು ಹೇಳಿದ್ದೇ ತಗೊಳ್ತೀನಿ" ಅಂದೆ ನೀನು — ಎಷ್ಟು ಹೆಮ್ಮೆಯಿಂದ ಅಂದೆ!

ತಂತಿಗಳ ಕೆಳಗೆ ಸದ್ದು ಹಿಡಿಯುವ ಕಾಯಿಲ್ ಇರುತ್ತದಲ್ಲ, ಅದರ ಮುಚ್ಚಳ ಬಿಚ್ಚಿದರು. ನಡುವಿನದರಲ್ಲೂ ದುಬಾರಿಯದರಲ್ಲೂ ಒಂದೇ ಕಾಯಿಲ್ — ಬಿಗಿಯಾಗಿ ಸುತ್ತಿ ಮೇಣದಲ್ಲಿ ಅದ್ದಿದ್ದು. ದುಬಾರಿಯದಕ್ಕೆ ಚಿನ್ನದ ಬಣ್ಣದ ತಿರುಪುಗಳು, ಅಷ್ಟೇ ಹೆಚ್ಚು. ಅಗ್ಗದ್ದರಲ್ಲಿ ಸುತ್ತು ಸಡಿಲ, ಮೇಣ ಸೋಕಿಯೇ ಇರಲಿಲ್ಲ. ಸದ್ದು ಏರಿಸಿದರೆ ಅಂಥ ಕಾಯಿಲ್ ನಡುಗುತ್ತದೆ, ಕಿರುಚುತ್ತದೆ — ನನಗೆ ಗೊತ್ತಿತ್ತು. ನಡುವಿನದು ಕೊಳ್ಳುವಷ್ಟು ದುಡ್ಡು ನಿನ್ನ ಹತ್ತಿರ ಇತ್ತು. ಅದನ್ನು ತೋರಿಸಬೇಕಿತ್ತು —

"ಮೂರರೊಳಗೂ ಒಂದೇ ಕಣೋ. ಮಿಕ್ಕಿದ್ದೆಲ್ಲ ಬಣ್ಣ. ಅಗ್ಗದ್ದೇ ತಗೋ" ಅಂದೆ ನಾನು.

ನಾನೂ ಹಾಡುತ್ತಿದ್ದೆ, ನಿನಗೆ ನೆನಪಿರಲಿಕ್ಕಿಲ್ಲ. ನಾನು ಬಾಯಿ ತೆರೆದರೆ ಅಮ್ಮ, "ಮೆಲ್ಲಗೆ ಕಣೇ, ಅಕ್ಕಪಕ್ಕದೋರು ಏನಂದ್ಕೋತಾರೆ" ಎನ್ನುತ್ತಿದ್ದಳು. ನೀನು ತಂತಿ ಮೀಟಿದರೆ ಬೀದಿಬಾಗಿಲು ತೆರೆದಿಡುತ್ತಿದ್ದಳು. ಆ ಬಾಗಿಲನ್ನೇ ನೋಡುತ್ತ ನಾನು ಅಕ್ಕಿ ಆರಿಸುತ್ತಿದ್ದೆ — ಒಂದು ಕಲ್ಲೂ ಕಣ್ಣಿಗೆ ಬೀಳುತ್ತಿರಲಿಲ್ಲ.

ಆ ವರ್ಷ ಬಸವೇಶ್ವರನಗರದ ಗಣೇಶನ ಪೆಂಡಾಲಿನಲ್ಲಿ ನೀನು ಸೌಂಡ್ ಏರಿಸಿದ ಕೂಡಲೇ ಗಿಟಾರ್ ಕಿರುಚಿತು. ಮುಂದಿನ ಸಾಲಿನಿಂದ ಯಾರೋ, "ಏನ್ ಗುರು, ಕೋಳಿ ಕುಯ್ತಾ ಇದೀಯಾ?" ಅಂದ. ಜನ ನಕ್ಕರು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು — ನಾನೂ ನಕ್ಕೆ. ಮರುವಾರ ಆರ್ಕೆಸ್ಟ್ರಾದವರು ನಿನ್ನ ಜಾಗಕ್ಕೆ ಬೇರೆಯವನನ್ನು ಕರೆದರು.

"ಗಿಟಾರ್‌ದೇನೂ ತಪ್ಪಿಲ್ಲ ಅಕ್ಕ, ನೀನೇ ಒಳಗೆ ನೋಡಿದ್ದಲ್ವಾ. ನನ್ನ ಕೈಯೇ ಸರಿ ಇಲ್ಲ" ಅಂದೆ ನೀನು.

ಆ ಕಾಯಿಲನ್ನು ಬಿಸಿ ಮೇಣದಲ್ಲಿ ಒಮ್ಮೆ ಅದ್ದಿದ್ದರೆ ಆ ಕಿರುಚಾಟ ನಿಲ್ಲುತ್ತಿತ್ತು, ಮಂಜು. ಫ್ಯಾಕ್ಟರಿಯಲ್ಲಿ ಮೇಣದ ಡಬ್ಬ ನನ್ನ ಕೈಗೆ ಸಿಗುವಷ್ಟು ಹತ್ತಿರವಿತ್ತು. ಸುಮ್ಮನಿದ್ದೆ. ನೀನು ಗಿಟಾರ್ ಮಾರಿದಾಗಲೂ ಸುಮ್ಮನಿದ್ದೆ. ಅಂಗಡಿಯಲ್ಲಿ ಆಡಿದ ಮಾತು ಒಂದು ಗಳಿಗೆಯದು; ಇದು — ಇದನ್ನು ದಿನವೂ ಮಾಡಿದೆ.

ಮೊನ್ನೆ ನಿನ್ನ ಮಗಳು ಸಂಗೀತದ ಕ್ಲಾಸಿಗೆ ಸೇರ್ತೀನಿ ಅಂದಾಗ ನೀನು, "ನಮ್ ಮನೆಯೋರಿಗೆ ಅದು ಒಲಿಯಲ್ಲ ಪುಟ್ಟಿ" ಅಂದೆ. ಅವಳು ನನ್ನ ಮುಖ ನೋಡಿದಳು. ನಾನು ಕಾಫಿ ಲೋಟ ಎತ್ತಿಕೊಂಡು ಅಡಿಗೆಮನೆಗೆ ಹೋಗಿಬಿಟ್ಟೆ.

ಭಾನುವಾರ ಕೆಂಗೇರಿಗೆ, ನಿಮ್ಮ ಮನೆಗೆ ಬರುತ್ತೇನೆ. ಬರೆದಿಟ್ಟ ಇಷ್ಟನ್ನೂ ಅವಳ ಎದುರಿಗೇ ನಿನಗೆ ಓದಿ ಹೇಳುತ್ತೇನೆ. ಆಮೇಲೆ ನೀನು ಹೋಗು ಅಂದರೆ ಹೋಗುತ್ತೇನೆ.