ಮುಷ್ಟಿರೂಪಾಯಿ

ಅತ್ತೆ, ಆ ಡಬ್ಬಿಯನ್ನು ತೆರೆಯಬಹುದಿತ್ತು. ಒಂದು ಇಕ್ಕಳ ಸಾಕಿತ್ತು. ಮೂಲೆಯನ್ನು ಸ್ವಲ್ಪ ಒತ್ತಿದ್ದರೆ ಬಿರುಕು ಬಿಟ್ಟು ರೂಪಾಯಿ ನಿನ್ನ ಕೈಗೆ ಬರುತ್ತಿತ್ತು. ತೆರೆದರೆ ಹಾಳಾಗುತ್ತದೆ ಎಂದು ನಾನು ಹೇಳಿದ್ದು ಸುಳ್ಳು — ಗೊತ್ತಿದ್ದೇ ಹೇಳಿದ ಸುಳ್ಳು.

ಇದನ್ನು ನೀನು ಓದುವುದಿಲ್ಲ. ಇದ್ದಾಗಲೂ ನೀನು ಓದುವವಳಲ್ಲ. ನಾನು ಬೆಳಗೋಡಿಗೆ ಬಂದಾಗ ಪೇಪರು ಓದಿಸಿಕೊಂಡು, ಅರ್ಧಕ್ಕೇ "ಸಾಕು ಬುಡು, ಎಲ್ಲಾ ಸುಳ್ಳೇ" ಎನ್ನುತ್ತಿದ್ದವಳು ನೀನು.

ನನ್ನ ಹವ್ಯಾಸ ನಿನಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ಈಗ ನನಗೂ ಅಷ್ಟಾಗಿ ಅರ್ಥವಾಗುತ್ತಿಲ್ಲ. ಹಳೆಯ ನಾಣ್ಯ ಎಷ್ಟು ಸವೆದಿದೆ ಎಂದು ಪರೀಕ್ಷಿಸಿ, ದರ್ಜೆ ಕೊಟ್ಟು, ಅಂಗೈಯಗಲದ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಕಳಿಸುವ ಕಂಪನಿಗಳಿವೆ. ಆ ಡಬ್ಬಿಯನ್ನು ಹೋಲ್ಡರ್ ಎನ್ನುತ್ತಾರೆ. ಜನ ಒಳಗಿನ ನಾಣ್ಯಕ್ಕಾಗಿ ಅದನ್ನು ಕೊಳ್ಳುತ್ತಾರೆ, ನಾನು ಡಬ್ಬಿಗಾಗಿ. ಒಂದು ಕಂಪನಿಯ ಮೂಲೆ ದುಂಡಗೆ, ಇನ್ನೊಂದರದು ಚೂಪು. ಒಂದರ ಚೀಟಿ ಹಸಿರು, ಇನ್ನೊಂದರದು ನೀಲಿ. ಕೆಲವು ಒಂದರ ಮೇಲೊಂದು ಅಲುಗದೆ ಕೂರುತ್ತವೆ, ಕೆಲವು ಜಾರುತ್ತವೆ. ಪ್ರತಿ ಕಂಪನಿಯ ಒಂದೊಂದು ಮಾದರಿ ನನ್ನಲ್ಲಿರಬೇಕು, ಅಷ್ಟೇ. ಇತಿಹಾಸದಲ್ಲಿ ಎಂ.ಎ. ಮಾಡಿ ಸಕಲೇಶಪುರದ ಕಾಫಿ ಕ್ಯೂರಿಂಗ್ ಕಚೇರಿಯ ಧೂಳಿನಲ್ಲಿ ಕೂತವನಿಗೆ ಆ ಸಾಲುಗಳಲ್ಲಿ ಏನೋ ನೆಮ್ಮದಿ ಇತ್ತು. ಯಾವುದೂ ಇನ್ನು ಸವೆಯದ, ಯಾರೂ ಮುಟ್ಟಲಾಗದ — ಹೋಗಲಿ.

ಆಗ ಚಿಕ್ಕ ಕಂಪನಿಯೊಂದು ಹೊಸದಾಗಿ ಶುರುವಾಗಿತ್ತು. ಅದರ ಡಬ್ಬಿಯ ಅಂಚಿಗೆ ತೆಳುವಾದ ಜೇನುಬಣ್ಣ. ಅದು ನನಗೆ ಬೇಕಿತ್ತು. ಬೇಕೆಂದರೆ ಬೆಳ್ಳಿಯ ನಾಣ್ಯವೊಂದನ್ನು ಕಳಿಸಬೇಕು. ನನ್ನ ಬೆಳ್ಳಿಯೆಲ್ಲ ಬೇರೆ ಬೇರೆ ಡಬ್ಬಿಗಳಲ್ಲಿ ಆಗಲೇ ಸೇರಿಹೋಗಿತ್ತು. ಹೊರಗೆ ತೆಗೆಯಬೇಕಾದರೆ ಡಬ್ಬಿ ಒಡೆಯಬೇಕು, ಅದಕ್ಕೆ ಮನಸ್ಸು ಬರಲಿಲ್ಲ. ಪೇಟೆಯಲ್ಲಿ ಒಂದು ನಾಣ್ಯ ಕೊಂಡಿದ್ದರಾಗುತ್ತಿತ್ತು. ಯಾಕೆ ಕೊಳ್ಳಲಿಲ್ಲ? ನಿನ್ನದು ಕಣ್ಣೆದುರಿಗಿತ್ತು. ಅದಕ್ಕಿಂತ ಗೌರವದ ಕಾರಣ ಎಷ್ಟು ಹುಡುಕಿದರೂ ಸಿಗುವುದಿಲ್ಲ.

ನಿನ್ನ ಮುಷ್ಟಿರೂಪಾಯಿ. ನಮ್ಮವರಲ್ಲಿ ಹುಟ್ಟಿದ ಪ್ರತಿ ಮಗುವಿನ ಅಂಗೈಯಲ್ಲಿ ನಾಮಕರಣದ ದಿನ ಇಡುವ, ರಾಜನ ತಲೆಯ ಬೆಳ್ಳಿ ರೂಪಾಯಿ. ಮಗು ಬೆರಳು ಮಡಚಿ ಅದನ್ನು ಹಿಡಿಯಬೇಕು. ಹಿಡಿದ ಮೇಲೆಯೇ ಹೆಸರು ಕರೆಯಬೇಕು. ಅಪ್ಪ ಹಿಡಿದದ್ದು, ಅವನ ತಂಗಿಯಾದ ನೀನು ಹಿಡಿದದ್ದು, ನಾನು ಹಿಡಿದದ್ದು ಅದನ್ನೇ. ರಾಜನ ಮೂಗು ಎಂದೋ ಸವೆದು ಹೋಗಿತ್ತು. ನೀನು ಅದನ್ನು ಎಲೆಅಡಿಕೆ ಚೀಲದಲ್ಲಿಟ್ಟುಕೊಂಡು, ಮಾತಿನ ನಡುವೆ ಹೊರತೆಗೆದು ಹೆಬ್ಬೆರಳಲ್ಲಿ ಉಜ್ಜುತ್ತಿದ್ದೆ. ರಾಜನ ಕಿವಿಯ ಹತ್ತಿರ ಯಾವಾಗಲೂ ಒಂದಿಷ್ಟು ಸುಣ್ಣ.

ಅಂಗಳದಲ್ಲಿ ಹರಡಿದ ಕಾಫಿಗೆ ಕೋಳಿ ಬಾರದಂತೆ ನೀನು ಕೋಲು ಹಿಡಿದು ಕೂತಿದ್ದಾಗ ಕೇಳಿದೆ. "ಸವೆದೇ ಹೋಗ್ತಾ ಐತೆ ಅತ್ತೆ, ಭದ್ರ ಮಾಡಿಸ್ಕೊಂಡ್ ಬರ್ತೀನಿ." ನೀನು ಏನೂ ಕೇಳದೆ ಕೊಟ್ಟೆ. ಅಥವಾ ಏನೋ ಕೇಳಿದ್ದೆಯೋ? ನನ್ನ ನೆನಪನ್ನು ನಾನು ನಂಬುವುದಿಲ್ಲ. ತನಗೆ ಅನುಕೂಲವಾದದ್ದನ್ನೇ ಅದು ಇಟ್ಟುಕೊಂಡಿರುತ್ತದೆ.

ಕೆಲವು ವಾರಗಳ ಮೇಲೆ ಜೇನುಬಣ್ಣದ ಅಂಚಿನೊಳಗೆ ಕೂತು ಅದು ಬಂತು. ಎಲ್ಲಕ್ಕಿಂತ ಕೆಳಗಿನ ದರ್ಜೆ. ಸುಣ್ಣದ ಚುಕ್ಕೆಯೂ ಹಾಗೇ ಒಳಗೆ ಸೇರಿತ್ತು. ಹೇಗೂ ಮುಂದೆ ನನಗೇ ಬರುತ್ತದೆ ಎಂಬ ಅಂದಾಜಿನಲ್ಲಿ ನಿನ್ನ ಕೈಗೆ ಕೊಟ್ಟೆ. ಅಷ್ಟರಲ್ಲಿ ಆ ಕಂಪನಿ ಮುಚ್ಚಿಹೋಯಿತು. ಅಂಥ ಡಬ್ಬಿ ಇನ್ನು ಹೊಸದಾಗಿ ಬರುವುದಿಲ್ಲ ಎಂದು ತಿಳಿದಾಗ ನನಗಾದ ಖುಷಿ ಮಾತ್ರ ಚೆನ್ನಾಗಿ ನೆನಪಿದೆ.

ಮರುವರ್ಷ ನಿನ್ನ ಮಗಳು ಲತಾ ಹೆರಿಗೆಗೆ ಬಂದಳು. ನಾಮಕರಣದ ಬೆಳಿಗ್ಗೆ ನೀನು ಡಬ್ಬಿ ಹಿಡಿದು ಹಿತ್ತಲಿಗೆ ಬಂದೆ. ಹಿತ್ತಲೋ, ಅಡಿಗೆಮನೆಯ ಬಾಗಿಲೋ, ಜಾಗ ಸರಿಯಾಗಿ ನೆನಪಿಲ್ಲ. ಮಾತು ನೆನಪಿದೆ.

"ಸೋಮ, ಇದನ್ನ ಬಿಚ್ಚಿಕೊಡೋ. ಕೂಸು ಹಿಡೀಬೇಕು."

"ಬಿಚ್ಚಂಗಿಲ್ಲ ಅತ್ತೆ. ಗಾಳಿ ತಾಗಿದ್ರೆ ಹಾಳಾಗೋಯ್ತದೆ."

ನೀನು ಡಬ್ಬಿಯನ್ನು ನೋಡಿದೆ, ನನ್ನನ್ನು ನೋಡಿದೆ. "ಇಷ್ಟ್ ದಿನ ಗಾಳೀಲೇ ಇತ್ತಲ್ಲೋ ಮಾರಾಯ."

ಕೆಮಿಕಲ್ಲು, ಅದು ಇದು ಎಂದು ಏನೋ ಗೊಣಗಿದೆ. ಕೊನೆಗೆ ನೀನೇ ದಾರಿ ಬಿಟ್ಟುಕೊಟ್ಟೆ: "ಆಯ್ತು ಬುಡು. ಓದ್ದೋನು, ನಿಂಗೆ ಗೊತ್ತಿರ್ತದೆ."

ಇಕ್ಕಳ ಹೊರಗೆ ನನ್ನ ಬೈಕಿನ ಸೀಟಿನಡಿಯಲ್ಲೇ ಇತ್ತು.

ನೀನು ಮಗುವಿನ ಅಂಗೈಗೆ ಡಬ್ಬಿಯನ್ನೇ ಇಟ್ಟೆ. ಅದು ಆ ಕೈಗಿಂತ ದೊಡ್ಡದು. ಬೆರಳುಗಳು ಅಂಚನ್ನು ಹುಡುಕಿದವು, ಜಾರಿದವು, ಮತ್ತೆ ತೆರೆದುಕೊಂಡವು. ಬಸ್ ಸ್ಟ್ಯಾಂಡಿನಲ್ಲಿ ಅಂಗಡಿ ಇಟ್ಟಿರುವ ರಂಗಣ್ಣ, "ಏನ್ ಪುಟ್ಟಕ್ಕ, ಕೂಸಿಗೆ ಈಗ್ಲೇ ಎಟಿಎಂ ಕಾರ್ಡ್ ಕೊಟ್ಬುಟ್ಯಲ್ಲ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ನೀನು ನಗಲಿಲ್ಲ. ಮತ್ತೊಮ್ಮೆ ಇಟ್ಟು, ನಿನ್ನ ಕೈಯಿಂದಲೇ ಆ ಬೆರಳುಗಳನ್ನು ಮಡಚಲು ನೋಡಿದೆ. ಮಗು ಅಳತೊಡಗಿತು. ಯಾರೋ ಹೊತ್ತಾಯಿತು ಎಂದರು. ಮುಷ್ಟಿ ಕೂಡದೆಯೇ ಹೆಸರು ಕರೆದಾಯಿತು — ಇಂಚರ. ಕರೆಯುವಾಗ ನಿನ್ನ ದನಿ ಒಂದು ಗಳಿಗೆ ತಡೆದಂತೆ... ಅದು ನಿಜವೋ, ಆಮೇಲೆ ನಾನು ಸೇರಿಸಿಕೊಂಡದ್ದೋ. ಸೀಟಿನಡಿಯ ಇಕ್ಕಳ ಮಾತ್ರ ಸೇರಿಸಿಕೊಂಡದ್ದಲ್ಲ.

ಕೊನೆಕೊನೆಗೆ ನಿನಗೆ ಕಣ್ಣು ಕಾಣಿಸುತ್ತಿರಲಿಲ್ಲ. ಮಲಗಿದ್ದಲ್ಲೇ ಡಬ್ಬಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸುತ್ತಿದ್ದೆ. ಒಳಗೆ ಸದ್ದಾಗುತ್ತಿರಲಿಲ್ಲ, ಅಷ್ಟು ಬಿಗಿಯಾಗಿ ಕೂರಿಸಿದ್ದರು. ಒಂದು ದಿನ ನನ್ನ ಕಡೆ ತಿರುಗಿ ನೀನು, "ಉಸಿರು ಕಟ್ಟಿದಂಗೆ ಐತಲ್ಲೋ ಒಳಗೆ" ಎಂದೆ. ನಾನು ದಿಂಬು ಸರಿಮಾಡಿದೆ.

ನೀನು ಹೋದ ಮೇಲೆ ಲತಾ ಅದನ್ನು ತಂದು, "ನಿಮ್ದೇ ತಾನೆ ಭಾವ, ನೀವೇ ಇಟ್ಕಳಿ" ಎಂದು ಕೊಟ್ಟಳು. ನಿನ್ನ ಹೆಬ್ಬೆರಳು ಉಜ್ಜಿ ಉಜ್ಜಿ ಪ್ಲಾಸ್ಟಿಕ್ಕಿನ ಮೇಲೆ ಮಬ್ಬು ಕವಿದಿತ್ತು. ರಾಜನ ಮುಖ ಅದರಡಿಯಲ್ಲಿ ಮರೆಯಾಗಿತ್ತು. ಆಗ ನನಗೆ ಮೊದಲು ಅನಿಸಿದ್ದನ್ನು ಬರೆಯಲೇಬೇಕು. ನಿನ್ನ ನೆನಪಾಗಲಿಲ್ಲ, ಅತ್ತೆ. ಡಬ್ಬಿಗೆ ಗೀರು ಬಿತ್ತಲ್ಲ ಎಂದು ಅನಿಸಿತು. ಒಳಗೆ ಇನ್ನೂ ನಿನ್ನ ಸೀರೆಗಳನ್ನು ಮಡಚುತ್ತಿದ್ದರು.

ಈಗ ಕಪಾಟಿನ ಬಾಗಿಲು ತೆಗೆದರೆ ಉಳಿದವೆಲ್ಲ ಹೊಳೆಯುತ್ತವೆ, ಅದೊಂದು ಹೊಳೆಯುವುದಿಲ್ಲ. ನನ್ನ ಹೆಬ್ಬೆರಳು ತಾನಾಗಿ ಹೋಗಿ ಆ ಮಬ್ಬಿನ ಮೇಲೆ ಕೂರುತ್ತದೆ. ಸರಿಯಾಗಿ ಕೂರುತ್ತದೆ. ಕೆಲವು ದಿನ ಕಿವಿಗೂ ಹಿಡಿಯುತ್ತೇನೆ. ಏನೂ ಕೇಳಿಸುವುದಿಲ್ಲ — ಕೇಳಿಸದಿರುವುದನ್ನೇ ಬಹಳ ಹೊತ್ತು ಕೇಳುತ್ತ ನಿಂತುಬಿಡುತ್ತೇನೆ.

ಲತಾಳಿಗೆ ಎರಡನೆಯ ಮಗು ಹುಟ್ಟಿದೆ. ಬರುವ ಭಾನುವಾರ ನಾಮಕರಣ. ಮೊನ್ನೆ ಇಕ್ಕಳ ಹಿಡಿದು ಕೂತೆ. ಆಗ ಹೊಳೆಯಿತು: ಒಡೆದರೆ ನಿನ್ನ ಹೆಬ್ಬೆರಳಿನ ಗುರುತೂ ಒಡೆದುಹೋಗುತ್ತದೆ. ನಿನ್ನ ಕೊನೆಯ ವರ್ಷಗಳು ಇರುವುದು ನಾಣ್ಯದ ಮೇಲಲ್ಲ, ಪ್ಲಾಸ್ಟಿಕ್ಕಿನ ಮೇಲೆ. ಇಕ್ಕಳ ಕೆಳಗಿಟ್ಟೆ. ಆಮೇಲೆ ಕೇಳಿಕೊಂಡೆ, ಇದು ನಿನ್ನ ಮೇಲಿನ ಪ್ರೀತಿಯೋ, ಡಬ್ಬಿ ಉಳಿಸಿಕೊಳ್ಳಲು ಸಿಕ್ಕ ಇನ್ನೊಂದು ನೆಪವೋ? ಗೊತ್ತಿಲ್ಲ. ಗೊತ್ತಿಲ್ಲವಾದ್ದರಿಂದ ಅದನ್ನು ಇಲ್ಲಿ ಒಬ್ಬನೇ ನಿರ್ಧರಿಸುವುದಿಲ್ಲ.

ಭಾನುವಾರ ಬೆಳಗೋಡಿಗೆ ಹೋಗಿ, ಲತಾಳ ಎದುರು ಕೂತು, ಅಂದು ಹೇಳಿದ್ದು ಸುಳ್ಳೆಂದು ಹೇಳಿ, ಅವಳು ಒಪ್ಪಿದರೆ ಅಲ್ಲೇ ಒಡೆಯುತ್ತೇನೆ. ನಾಣ್ಯ ಮೊದಲು ಇಂಚರಳ ಕೈಗೆ. ಅವಳೀಗ ಶಾಲೆಗೆ ಹೋಗುವ ಹುಡುಗಿ, ನಗಬಹುದು, ಬೇಡ ಎನ್ನಬಹುದು. ಲತಾ ನನ್ನನ್ನು ಎದ್ದು ಹೋಗು ಎನ್ನಬಹುದು. ಚೂರುಗಳನ್ನು ಅವರು ಎಸೆದರೆ ನಾನು ಆರಿಸಿಕೊಂಡು ಬರುವುದಿಲ್ಲ.

ನಿನಗೆ ಕೊಡಬೇಕಾದ ಉತ್ತರವೊಂದು ಅಂದಿನಿಂದ ಉಳಿದುಕೊಂಡಿದೆ. ಹೌದು ಅತ್ತೆ. ಅಷ್ಟು ದಿನವೂ ಅದು ಗಾಳಿಯಲ್ಲೇ ಇತ್ತು.