ಮೂಳೆ ಹುಡುಕುವ ದಿನ

ಬೆಳಕು ಹರಿಯುವ ಮೊದಲೇ ವಿಯೂಸ್ ಬೂದಿ ಕೆದಕಿ ಕೆಂಡ ಎಬ್ಬಿಸಬೇಕು. ಕಾಲುವೆಯಿಂದ ನಾಲ್ಕು ಕೊಡ ನೀರು, ಎರಡು ಆಡುಗಳ ಹಾಲು, ಕತ್ತೆಗೆ ಹುಲ್ಲು, ಅತ್ತೆಯ ಕಾಲಿಗೆ ಎಳ್ಳೆಣ್ಣೆ, ರೊಟ್ಟಿಗೆ ಹಿಟ್ಟು. ಕೊನೆಗೆ ಗಂಡನ ನಿಲುವಂಗಿಗೆ ಹುಳ ಬೀಳದಂತೆ ಹೊಗೆ ಹಿಡಿಯಬೇಕು. ಆ ಗಂಡ ವಖುಶಕ್ ಕಸ್ತೂರಿ ಮಾರಲು ಚೀನಾಕ್ಕೆ ಹೋಗಿ ಏಳು ವರ್ಷವಾಗಿತ್ತು.

ಆ ವಸಂತದಲ್ಲಿ ಅವನ ಜೊತೆಗೆ ಹೋಗಿದ್ದ ಅರ್ತಿವಾನ್ ಒಬ್ಬನೇ ನಮ್ಮೂರು ಪಂಜಿಕೆಂತ್‌ಗೆ ಮರಳಿದ. ವಿಯೂಸ್ ಮನೆಗೇ ಮೊದಲು ಬಂದು ಕೂತ.

"ಹೂಣರು ನುಗ್ಗಿದ್ರು ತಂಗೀ. ಚೀನಾದ ರಾಜಧಾನಿಯೇ ಉರಿದುಹೋಯ್ತು. ನಮ್ಮೋರ ಬೀದೀಲಿ ಅರ್ಧ ಜನ ಹಸಿವಿಗೆ, ಇನ್ನರ್ಧ ಬೆಂಕಿಗೆ. ವಖುಶಕ್ ಅಲ್ಲೇ ಇದ್ದ. ನಾನು ಸರಕು ತರೋಕೆ ಊರಾಚೆ ಹೋಗಿದ್ದೆ, ಉಳ್ಕೊಂಡೆ."

"ನನ್ ಮಗನ ಹೆಣ ನೋಡಿದ್ಯಾ?" ಅತ್ತೆ ಕೇಳಿದಳು.

"ಇಲ್ಲ, ದೊಡ್ಡಮ್ಮ."

"ಹಂಗಾದ್ರೆ ಬಾಯ್ ಮುಚ್ಕೊಂಡು ಉಣ್ಣು. ನೀನೂ ಸತ್ತೆ ಅಂದ್ಕೊಂಡಿದ್ವಿ. ನಿನ್ ಹೆಂಡ್ತಿ ನೆಮ್ಮದಿಯಾಗಿದ್ಲು, ಪಾಪ!"

ಗಂಡ ಸತ್ತರೆ ನಮ್ಮಲ್ಲಿ ಮೊದಲು ಕೆನ್ನೆ ಗೀರಿಕೊಳ್ಳಬೇಕಾದವಳು ಹೆಂಡತಿ. ಅಲ್ಲಿಯವರೆಗೆ ಅವನು ಬದುಕಿದ್ದ ಲೆಕ್ಕ, ಅವಳು ಆ ಮನೆಯ ಸೊಸೆ. ಗೀರಿಕೊಂಡರೆ ತನ್ನ ಗಂಟು ಎತ್ತಿಕೊಂಡು ಹೊರಡಬಹುದು. ತವರಿನಲ್ಲಿ ಅಕ್ಕ ಅವಳಿಗೊಂದು ಮಗ್ಗ ಖಾಲಿ ಇಟ್ಟಿದ್ದಳು.

"ಅವಸರ ಮಾಡ್ಬೇಡ ಮಗಳೇ," ಎಂದಳು ಅತ್ತೆ, ಎಣ್ಣೆಗೆ ಕಾಲು ನೀಡುತ್ತಾ. "ನೀನು ಗೀರ್ಕೊಂಡ ದಿನಾನೇ ನನ್ ಮಗ ಸಾಯೋದು."

ವಿಯೂಸ್ ಅವಳ ಹಿಮ್ಮಡಿ ತಿಕ್ಕಿದಳು.

ಏಳನೇ ತಿಂಗಳಲ್ಲಿ, ಸತ್ತು ಕಾಣೆಯಾದ ದೇವರ ಮಗುವಿನ ಮೂಳೆ ಹುಡುಕುವ ದಿನ, ಊರೆಲ್ಲ ಕಪ್ಪುಟ್ಟು ಬರಿಗಾಲಲ್ಲಿ ನದಿಯಾಚೆಯ ಹುಲ್ಲುಗಾವಲಿಗೆ ಇಳಿಯಿತು. ಎದೆ ಬಡಿದುಕೊಂಡು ಅಳುತ್ತಾ ಹುಡುಕುತ್ತೇವೆ. ಸಿಗುವುದಿಲ್ಲವೆಂದು ಮಕ್ಕಳಿಗೂ ಗೊತ್ತು. ಬೆಳಗಿನ ಮಂಜಿನಲ್ಲಿ ಹೆಂಗಸರು ಒಬ್ಬೊಬ್ಬರಾಗಿ ಕರಗಿಹೋದರು. ಅಲ್ಲಿ ಕಂಡದ್ದನ್ನು ವಿಯೂಸ್ ನೆರೆಮನೆಯವಳಾದ ನನಗೆ ಎಷ್ಟೋ ದಿನಗಳ ಮೇಲೆ ಹೇಳಿದಳು.

ಸೊಂಟದೆತ್ತರದ ಹುಲ್ಲು. ಊರವರ ಅಳು ನೀರಿನಡಿಯಿಂದ ಕೇಳಿದಂತಿತ್ತು. ಮುಂದೆ ವಖುಶಕ್ ಬೆನ್ನು ಹಾಕಿ ನಡೆಯುತ್ತಿದ್ದ, ಹೆಗಲಿನಿಂದ ಬೂದಿ ಮೆಲ್ಲಗೆ ಉದುರುತ್ತಿತ್ತು. ಕರೆದಳು. ಅವನು ನಿಲ್ಲಲಿಲ್ಲ, ಓಡಲೂ ಇಲ್ಲ. ಹೋಗುತ್ತಾ ಹೋಗುತ್ತಾ ಹುಲ್ಲಿಗಿಂತ ತೆಳ್ಳಗಾದ. ಅವನ ಮುಖ ನೆನಪಿಸಿಕೊಳ್ಳಲು ನೋಡಿದಳು. ಬರಲಿಲ್ಲ.

ಮಂಜಿನಾಚೆಯಿಂದ ಅತ್ತೆಯ ದನಿ ಬಂತು: "ಎಲ್ಲಿ ಸತ್ತ್ಯೇ? ಮನೇಲಿ ಹಿಟ್ಟು ಹುಳಿಯಾಗ್ತಿದೆ!"

ವಿಯೂಸ್ ನಡುಪಟ್ಟಿಯಿಂದ ಪುಟ್ಟ ಚೂರಿ ತೆಗೆದು ಎಡಗೆನ್ನೆ ಗೀರಿಕೊಂಡಳು. ಒಂದು ಕ್ಷಣ ತಡೆದು, ಬಲಗೆನ್ನೆಯನ್ನೂ.